ಅಡ್ಡಹೆಸರು, ವಂಶಲಾಂಛನ ಮತ್ತು ಊರಿನ ಅಕ್ಷರ

ಮೈಸೂರು ನಗರಕ್ಕೆ ಆಗ್ನೇಯದಲ್ಲಿ, ಕಪಿಲೆಯು ಕಾವೇರಿಯನ್ನು ಕೂಡಿಕೊಳ್ಳುವ ಎಡೆಯಲ್ಲಿ, ಒಂದು ಊರುಂಟು. ಬಸ್ಸಿನ ಹಲಗೆಯ ಮೇಲೂ ಕಚೇರಿಯ ಕಾಗದಗಳ ಮೇಲೂ ಅದರ ಹೆಸರನ್ನು "ಟಿ. ನರಸೀಪುರ" ಎಂದು ಬರೆಯುವರು. ನರಸೀಪುರವೆಂದರೆ ನರಸಿಂಹನ ಪುರ. ಗುಂಜಾನರಸಿಂಹಸ್ವಾಮಿಯ ದೇವಾಲಯವು ಅಲ್ಲಿರುವುದರಿಂದ ಆ ಹೆಸರು ಸಹಜವಾದದ್ದೇ. ಆದರೆ ಮೊದಲಲ್ಲಿರುವ "ಟಿ" ಎಂಬುದು ಯಾವುದು? ಅದು ತಿರುಮಕೂಡಲು. ಕೂಡಲು ಎಂದರೆ ಹೊಳೆಗಳು ಕೂಡುವ ಸ್ಥಳ. ಹಾಸನದ ಸೀಮೆಯಲ್ಲಿ ಹೊಳೆನರಸೀಪುರವೊಂದು ಇರುವುದರಿಂದ, ಇದು ಬೇರೆ ನರಸೀಪುರವೆಂದು ಗುರುತಿಸುವುದಕ್ಕೆ ಸಂಗಮದ ಹೆಸರನ್ನು ಮುಂದೆ ಸೇರಿಸಿದರು. ಕಾಲಕ್ರಮದಲ್ಲಿ ಆ ಹೆಸರು ಸವೆದು ಸವೆದು ಇಂಗ್ಲಿಷಿನ ಒಂದು ಅಕ್ಷರವಾಗಿ ನಿಂತಿತು. ನಮ್ಮಲ್ಲಿ ಮನುಷ್ಯರಿಗೆ ಮಾತ್ರವೇ ಅಲ್ಲ, ಊರಿಗೂ ಇನಿಷಿಯಲ್ ಉಂಟೆಂಬುದಕ್ಕೆ ಇದೇ ಸಾಕ್ಷಿ.

ಈ ಮಾತನ್ನು ಇಂದು ಎತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದುತ್ತಿದ್ದ, ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಪರದೇಶಕ್ಕೆ ಹೋಗುವುದಕ್ಕಾಗಿ ಅರ್ಜಿಯೊಂದನ್ನು ತುಂಬುತ್ತಿದ್ದನು. ಅದರಲ್ಲಿ ಅಡ್ಡಹೆಸರಿಗೆಂದು ಒಂದು ಅಂಕಣವಿದ್ದಿತು. "ಸಾರ್, ನಮಗೆ ಅಡ್ಡಹೆಸರು ಯಾವುದು?" ಎಂದು ಕೇಳಿದನು. ನಾವು ಹೆಚ್ಚಾಗಿ ಯೋಚಿಸಲಿಲ್ಲ. "ನಿಮ್ಮ ತಂದೆಯವರ ಹೆಸರನ್ನೇ ಬರೆಯಪ್ಪ" ಎಂದುಬಿಟ್ಟೆವು. ಅವನು ಹಾಗೆಯೇ ಬರೆದನು. ಅವನ ಹೆಸರಿನ ಮುಂದೆ ಎರಡು ಅಕ್ಷರಗಳಿದ್ದುವು. ಒಂದು ಊರಿನದು, ಒಂದು ತಂದೆಯದು. ತಂದೆಯ ಅಕ್ಷರವು ಬೆಳೆದು ಅಡ್ಡಹೆಸರಾಯಿತು. ಊರಿನ ಅಕ್ಷರವು ಬಿದ್ದುಹೋಯಿತು. ನಿಜವನ್ನು ಹೇಳಬೇಕೆಂದರೆ, ಅದಕ್ಕೂ ಮುಂಚೆ ನಮ್ಮ ಹೆಸರಿನ ವಿಷಯದಲ್ಲಿಯೂ ನಾವು ಹೀಗೆಯೇ ಮಾಡಿದ್ದೆವು.

ಈಚೆಗೆ ಆ ಹುಡುಗನಿಂದ ಒಂದು ಪತ್ರ ಬಂದಿತು. "ಇಲ್ಲಿ ಎಲ್ಲರೂ ನನ್ನನ್ನು ತಂದೆಯವರ ಹೆಸರಿನಿಂದ ಕೂಗುತ್ತಾರೆ, ಓಗೊಡುವುದಕ್ಕೆ ಒಂದು ಕ್ಷಣ ತಡವಾಗುತ್ತದೆ. ನನ್ನೊಡನೆ ಓದುವ ಫ್ರೆಂಚರವನೊಬ್ಬನು ತನ್ನ ಮನೆತನದ ಹೆಸರು ಎಲ್ಲಿ ಹುಟ್ಟಿತು, ಅದರ ಲಾಂಛನವು ಯಾವುದು ಎಂಬುದನ್ನೆಲ್ಲಾ ತೋರಿಸಿ, ನಿಮ್ಮ ಮನೆತನದ್ದು ಯಾವುದೆಂದು ಕೇಳಿದನು. ಏನು ಹೇಳಲಿ?" ಎಂದು ಅದರಲ್ಲಿ ಬರೆದಿದ್ದನು. ಅವನಿಗೆ ಬರೆಯಬೇಕಾದ ಉತ್ತರವನ್ನೇ ಈ ಹೊತ್ತು ತಮ್ಮ ಮುಂದೆ ವಿಸ್ತರಿಸುತ್ತಿದ್ದೇವೆ.

ಮೊದಲು ಆ ಫ್ರೆಂಚ್ ಮಿತ್ರನ ಕಡೆಯ ಮಾತನ್ನು ನೋಡೋಣ. ಫ್ರಾನ್ಸಿನ ಅಡ್ಡಹೆಸರುಗಳು ಸ್ಥೂಲವಾಗಿ ನಾಲ್ಕು ಬಗೆಯವು. ಸ್ಥಳದಿಂದ ಬಂದವು ಕೆಲವು: ದ್ಯುಪಾಂ ಎಂದರೆ ಸೇತುವೆಯ ಬಳಿಯವನು. ಕಸುಬಿನಿಂದ ಬಂದವು ಕೆಲವು: ಲೆಫೆವ್ರ್ ಎಂದರೆ ಕಮ್ಮಾರ. ಮೈಕಟ್ಟಿನಿಂದಲೋ ಗುಣದಿಂದಲೋ ಬಂದವು ಕೆಲವು: ಲೆಗ್ರಾಂ ಎಂದರೆ ದೊಡ್ಡಾಳು. ಪೂರ್ವಿಕನೊಬ್ಬನ ಹೆಸರೇ ನಿಂತು ಬಂದವು ಕೆಲವು: ಮಾರ್ತಾಂ ಎಂಬುದು ಅಂಥದು. ಇವು ಮೊದಲು ಆಡುಮಾತಿನ ಗುರುತುಗಳಾಗಿದ್ದುವು. 1539ರಲ್ಲಿ ರಾಜನು ವಿಲೇರ್ ಕೊತ್ರೇ ಎಂಬಲ್ಲಿ ಹೊರಡಿಸಿದ ಶಾಸನದಿಂದ, ಇಗರ್ಜಿಗಳಲ್ಲಿ ಮಕ್ಕಳ ಜ್ಞಾನಸ್ನಾನವನ್ನು ಪುಸ್ತಕದಲ್ಲಿ ಬರೆದಿಡುವುದು ಕಡ್ಡಾಯವಾಯಿತು. ಬರೆದಿಟ್ಟ ಮೇಲೆ ಹೆಸರುಗಳು ನೆಲೆನಿಂತುವು. ತಾತನು ಕಮ್ಮಾರನಾಗಿದ್ದರೆ, ಮೊಮ್ಮಗನು ವಕೀಲನಾದರೂ ಕಮ್ಮಾರನೆಂದೇ ಕರೆಸಿಕೊಳ್ಳುವಂತಾಯಿತು.

ಇಂಥದೊಂದು ಹೆಸರು ನಮ್ಮ ಮೈಸೂರು ಸೀಮೆಗೂ ಬಂದು ನೆಲಸಿದ್ದಿತು. 1792ರಲ್ಲಿ ಇಂಡಿಯಾಕ್ಕೆ ಬಂದು, ಶ್ರೀರಂಗಪಟ್ಟಣದ ಪ್ರಾಂತದಲ್ಲಿ ಬಹುಕಾಲವಿದ್ದು, ನಮ್ಮವರಂತೆಯೇ ಉಟ್ಟು, ನಮ್ಮ ಜನರ ಆಚಾರವ್ಯವಹಾರಗಳನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಬರೆದ ಪಾದ್ರಿ ದ್ಯುಬುವಾ ಅವರನ್ನು ವಿದ್ಯಾವಂತರೆಲ್ಲರೂ ಬಲ್ಲರು. ಸಿಡುಬಿಗೆ ದೇವಿ ಹಾಕಿಸುವ ಕಾರ್ಯದಲ್ಲಿಯೂ ಅವರು ಬಹಳ ಶ್ರಮಪಟ್ಟರು. ದ್ಯುಬುವಾ ಎಂದರೆ ಕಾಡಿನವನು ಎಂದರ್ಥ. ಅವರ ಪೂರ್ವಿಕರು ಯಾವ ಕಾಡಿನ ಅಂಚಿನಲ್ಲಿದ್ದರೋ! ಅವರು 1823ರಲ್ಲಿ ಸ್ವದೇಶಕ್ಕೆ ಹಿಂತಿರುಗಿದರು. ಹೆಸರೊಳಗಿನ ಕಾಡಂತೂ ಕಡಲನ್ನು ದಾಟಿ ಬಂದು, ಕಡಲನ್ನು ದಾಟಿ ಹೋಯಿತು. ಹೆಸರಿನೊಳಗೆ ನೆಲವಿದ್ದರೆ ಆಗುವ ಅನುಕೂಲ ಇದು.

ಇನ್ನು ಲಾಂಛನ. ಹನ್ನೆರಡನೆಯ ಶತಮಾನದ ಹೊತ್ತಿಗೆ ಯೂರೋಪಿನ ಯೋಧನು ಮುಖ ಮುಚ್ಚುವಂತೆ ಶಿರಸ್ತ್ರಾಣವನ್ನು ಧರಿಸತೊಡಗಿದನು. ಯುದ್ಧದಲ್ಲಿ ನಮ್ಮವನು ಯಾರು, ಶತ್ರು ಯಾರು ಎಂಬುದು ತಿಳಿಯದೆ ಹೋಯಿತು. ಆದಕಾರಣ ಗುರಾಣಿಯ ಮೇಲೆ ಬಣ್ಣದ ಚಿತ್ರಗಳನ್ನು ಬರೆಯಿಸಿಕೊಳ್ಳುವ ಪದ್ಧತಿ ಹುಟ್ಟಿತು. ತಂದೆಯ ಚಿತ್ರವನ್ನು ಮಗನು ಹೊತ್ತುದರಿಂದ ಅದು ವಂಶದ ಸ್ವತ್ತಾಯಿತು. ಇವುಗಳಲ್ಲಿ "ಮಾತನಾಡುವ ಲಾಂಛನ"ವೆಂಬ ಒಂದು ಜಾತಿಯುಂಟು: ಚಿತ್ರವನ್ನು ನೋಡಿದರೆ ಹೆಸರು ಕೇಳಿಸಬೇಕು. ಫ್ರೆಂಚ್ ನಾಟಕಕಾರರಲ್ಲಿ ಅಗ್ರಗಣ್ಯನಾದ ರಾಸೀನನ ಮನೆತನದ ಲಾಂಛನದಲ್ಲಿ ಒಂದು ಇಲಿಯೂ ಒಂದು ಹಂಸವೂ ಇದ್ದುವು. ಆ ಭಾಷೆಯಲ್ಲಿ ಇಲಿಗೆ "ರಾ" ಎಂದೂ ಹಂಸಕ್ಕೆ "ಸೀನ್" ಎಂದೂ ಹೆಸರು. ಎರಡನ್ನೂ ಕೂಡಿಸಿದರೆ ರಾಸೀನ್. ಕವಿಗೆ ಇಲಿಯ ಸಹವಾಸ ಹಿಡಿಸದೆ, ಹಂಸವೊಂದನ್ನೇ ಇಟ್ಟುಕೊಂಡನು. ವಿನೋದವೇನೆಂದರೆ, ರಾಸೀನ್ ಎಂಬ ಶಬ್ದಕ್ಕೆ ಆ ಭಾಷೆಯಲ್ಲಿ ನಿಜವಾದ ಅರ್ಥ "ಬೇರು" ಎಂದು. ಬೇರನ್ನು ಮರೆತು ಇಲಿಯನ್ನೂ ಹಂಸವನ್ನೂ ಹಿಡಿದುಕೊಂಡರು!

ಇದೆಲ್ಲವೂ ಕುಲೀನರ ವೈಭವವೆಂದು ಮಾತ್ರ ತಿಳಿಯಬಾರದು. 1696ರಲ್ಲಿ, ಯುದ್ಧದ ಖರ್ಚಿಗೆ ಹಣ ಸಾಲದೆ, ಹದಿನಾಲ್ಕನೆಯ ಲೂಯಿಯು ಲಾಂಛನಗಳನ್ನೆಲ್ಲಾ ಶುಲ್ಕ ತೆತ್ತು ಲೆಕ್ಕಕ್ಕೆ ಬರೆಯಿಸಬೇಕೆಂದು ಆಜ್ಞೆ ಮಾಡಿದನು. ಲಾಂಛನವೇ ಇಲ್ಲದಿದ್ದ ವರ್ತಕರಿಗೂ ಕಸುಬಿನವರಿಗೂ ಅಧಿಕಾರಿಗಳೇ ಒಂದೊಂದನ್ನು ಅಂಟಿಸಿ ಹಣವನ್ನು ವಸೂಲು ಮಾಡಿದರು. ಮಹಾಕ್ರಾಂತಿಯಾದ ಮೇಲೆ, 1790ರ ಜೂನ್ ತಿಂಗಳಿನಲ್ಲಿ, ಕುಲೀನರ ಬಿರುದುಗಳನ್ನೂ ಲಾಂಛನಗಳನ್ನೂ ರದ್ದುಪಡಿಸಿದರು. ಒಂದು ಸರಕಾರವು ಅಂಟಿಸಿತು, ಇನ್ನೊಂದು ಸರಕಾರವು ಕಿತ್ತಿತು. ಹೆಸರುಗಳ ಚರಿತ್ರೆಯಲ್ಲಿ ಸರಕಾರದ ಅಂಕಣಗಳಿಗೆ ಎಷ್ಟು ಬಲವಿದೆಯೆಂಬುದನ್ನು ಇದರಿಂದ ಗ್ರಹಿಸಬಹುದು.

ಈಗ ನಮ್ಮ ನೆಲಕ್ಕೆ ಬರೋಣ. ನಮ್ಮಲ್ಲಿ ಲಾಂಛನವಿರಲಿಲ್ಲವೆಂದು ಹೇಳುವವರು ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ತಲಕಾಡನ್ನು ನೋಡಬೇಕು. ಅದು ಗಂಗರಸರ ರಾಜಧಾನಿ. ಅವರ ತಾಮ್ರಶಾಸನಗಳ ಬಳೆಗೆ ಬೆಸೆದ ಮುದ್ರೆಯಲ್ಲಿ ಆನೆಯಿರುತ್ತದೆ. ಯೂರೋಪಿನ ಯೋಧರು ಗುರಾಣಿಗೆ ಬಣ್ಣ ಹಚ್ಚುವುದಕ್ಕೆ ನೂರಾರು ವರ್ಷಗಳ ಮುಂಚೆಯೇ ಗಂಗರ ಆನೆಯು ಊರೂರಿನ ದತ್ತಿಗಳ ಮೇಲೆ ಕಾವಲು ನಿಂತಿದ್ದಿತು. ಆದರೆ ಒಂದು ಭೇದವನ್ನು ಗಮನಿಸಬೇಕು. ಅಲ್ಲಿ ಲಾಂಛನವು ಯೋಧನ ಗುರಾಣಿಯ ಮೇಲೆ ಹುಟ್ಟಿತು. ಇಲ್ಲಿ ಅದು ಬಹುಮಟ್ಟಿಗೆ ದಾನಪತ್ರದ ಕಡೆಯಲ್ಲಿ ಉಳಿದುಬಂದಿದೆ. ಅಲ್ಲಿ "ಇವನು ಯಾರು?" ಎಂಬ ಪ್ರಶ್ನೆಗೆ ಅದು ಉತ್ತರ, ಇಲ್ಲಿ "ಈ ಮಾತು ಯಾರದು?" ಎಂಬ ಪ್ರಶ್ನೆಗೆ ಉತ್ತರ.

ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಗಂಗರನ್ನು ಸೋಲಿಸಿ ತಲಕಾಡಿಗೆ ರಾಜರಾಜಪುರವೆಂದು ಹೆಸರಿಟ್ಟರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ಅದನ್ನು ಕಿತ್ತುಕೊಂಡು "ತಲಕಾಡುಗೊಂಡ"ನೆಂಬ ಬಿರುದನ್ನು ಧರಿಸಿದನು. ದ್ಯುಬುವಾ ಎಂಬವನ ಹೆಸರಿನಲ್ಲಿ ಕಾಡಿದೆ. ವಿಷ್ಣುವರ್ಧನನ ಬಿರುದಿನಲ್ಲಿಯೂ ತಲಕಾಡಿದೆ. ಆದರೆ ಒಬ್ಬನು ಆ ನೆಲಕ್ಕೆ ಸೇರಿದವನು, ಇನ್ನೊಬ್ಬನು ಆ ನೆಲವನ್ನು ಸೇರಿಸಿಕೊಂಡವನು. ರಾಜರ ಹೆಸರಿಗೂ ಪ್ರಜೆಗಳ ಹೆಸರಿಗೂ ಇರುವ ಅಂತರವೇ ಇದು.

ಹೊಯ್ಸಳರ ಲಾಂಛನವನ್ನು ಬೇಲೂರು ಹಳೆಯಬೀಡುಗಳಲ್ಲಿ ಎಲ್ಲರೂ ನೋಡಿರುವರು: ವೀರನೊಬ್ಬನು ಹುಲಿಯನ್ನು ಇರಿಯುತ್ತಿರುವ ಚಿತ್ರ. ಮುನಿಯು "ಹೊಯ್, ಸಳ" ಎಂದು ಕೂಗಿದನು, ಸಳನು ಹೊಯ್ದನು, ವಂಶಕ್ಕೆ ಆ ಹೆಸರು ಬಂದಿತು ಎಂಬ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಇದು ರಾಸೀನನ ಇಲಿ-ಹಂಸಗಳಂತೆಯೇ ಸಾಕ್ಷಾತ್ ಮಾತನಾಡುವ ಲಾಂಛನ. "ಪೊಯ್ಸಳ" ಎಂಬ ಹೆಸರು ತಲಕಾಡಿನ ಗೆಲುವಿಗಿಂತ ಮುಂಚಿನ ಶಾಸನಗಳಲ್ಲಿಯೇ ಇರುವುದು. ಹುಲಿಯು ಚೋಳರ ಲಾಂಛನವಾದುದರಿಂದ, ಅವರನ್ನು ಗೆದ್ದ ಮೇಲೆ ಈ ಚಿತ್ರಕ್ಕೆ ಪ್ರಾಶಸ್ತ್ಯ ಬಂದಿತೆಂದು ಹೇಳುವ ವಿದ್ವಾಂಸರುಂಟು. ಹಾಗಾದರೆ ಹುಲಿಯನ್ನು ಕೊಂದ ಸ್ಥಳವು ಮಲೆನಾಡಿನ ಸೊಸೆವೂರು ಮಾತ್ರವಲ್ಲ, ಒಂದರ್ಥದಲ್ಲಿ ತಲಕಾಡಿನ ಮರಳೂ ಹೌದು. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಮತ್ತೊಂದು ವಿಚಿತ್ರವುಂಟು. ಅಲ್ಲಿ ಊರಿನಿಂದ ಮನುಷ್ಯನಿಗೆ ಹೆಸರು ಬರಲಿಲ್ಲ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನಿಂದ ಊರಿಗೆ ಹೆಸರು ಬಂದಿತು.

ಇನ್ನು ನಮ್ಮ ನಾಡಿನ ಅತ್ಯಂತ ಪ್ರಸಿದ್ಧವಾದ ಮನೆತನದ ಹೆಸರು: ಒಡೆಯರ್. ಇದರ ಹುಟ್ಟಿನ ಐತಿಹ್ಯವು ನಮ್ಮನ್ನು ನಂಜನಗೂಡಿನ ತಾಲ್ಲೂಕಿಗೆ ಕರೆದೊಯ್ಯುತ್ತದೆ. 1399ರ ಸುಮಾರಿನಲ್ಲಿ ಯದುರಾಯ, ಕೃಷ್ಣರಾಯರೆಂಬ ಅಣ್ಣತಮ್ಮಂದಿರು ದ್ವಾರಕೆಯ ಕಡೆಯಿಂದ ಬಂದರೆಂದೂ, ಹದಿನಾಡಿನ ದೊರೆಯಿಲ್ಲದ ಮನೆಯಲ್ಲಿ ಕಾರುಗಹಳ್ಳಿಯ ಮಾರನಾಯಕನು ಬಲಾತ್ಕಾರವಾಗಿ ಹೆಣ್ಣು ಕೇಳುತ್ತಿದ್ದನೆಂದೂ, ಜಂಗಮ ಒಡೆಯರೊಬ್ಬರ ಬುದ್ಧಿವಾದದಂತೆ ಯದುರಾಯನು ಅವನನ್ನು ಕೊಂದು ಕನ್ಯೆಯನ್ನು ವರಿಸಿದನೆಂದೂ, ಆ ಜಂಗಮರ ಸ್ಮರಣೆಗಾಗಿಯೇ ವಂಶದವರು ಒಡೆಯರೆಂಬ ಹೆಸರನ್ನು ಧರಿಸಿದರೆಂದೂ ಪ್ರತೀತಿಯುಂಟು. ಆ ಹದಿನಾಡನ್ನು ಇಂದಿನ ಹದಿನಾರು ಗ್ರಾಮವೆಂದು ಗುರುತಿಸುವರು. ಅಲ್ಲಿನ ಕೆರೆಯ ಏರಿಯ ಮೇಲೆ ನಿಂತು ನೀರುಹಕ್ಕಿಗಳನ್ನು ನೋಡುವವರು, ರಾಜವಂಶವೊಂದರ ಹೆಸರು ಇಲ್ಲಿಂದ ಹೊರಟಿತೆಂಬುದನ್ನು ಒಂದು ಕ್ಷಣ ನೆನೆಯಬಹುದು.

ಐತಿಹ್ಯವನ್ನು ಬಿಟ್ಟು ಶಬ್ದವನ್ನೇ ನೋಡಿದರೂ ಸ್ವಾರಸ್ಯ ಕಡಮೆಯಾಗುವುದಿಲ್ಲ. ಒಡೆಯ, ಒಡೆತನ, ಒಡವೆ ಇವು ಒಂದೇ ಬೇರಿನ ಮಾತುಗಳು. ತಮಿಳಿನಲ್ಲಿ ಉಡೈಯಾರ್ ಎಂದಾಗುತ್ತದೆ. ವಿಜಯನಗರದ ಆದಿಪುರುಷರನ್ನು ಶಾಸನಗಳು ಹರಿಹರ ಒಡೆಯರು, ಬುಕ್ಕಣ್ಣ ಒಡೆಯರು ಎಂದು ಕರೆಯುತ್ತವೆ. ಜಂಗಮರೂ ಒಡೆಯರೇ, ಪಾಳೆಯಗಾರರೂ ಒಡೆಯರೇ. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸತೊಡಗಿದ ವಿಲ್ಕ್ಸ್ ಎಂಬ ಕಂಪೆನಿಯ ಅಧಿಕಾರಿಯು, ಸುಮಾರು ಮೂವತ್ತಮೂರು ಹಳ್ಳಿಗಳ ಅಧಿಪತಿಗೆ ಈ ಹೆಸರು ಸಲ್ಲುತ್ತಿದ್ದಿತೆಂದು ಬರೆದಿದ್ದಾನೆ. ಆದಕಾರಣ ಇದು ಮೊದಲು ರಕ್ತದ ಹೆಸರಲ್ಲ, ಸಂಬಂಧದ ಹೆಸರು. ಆಳಿಲ್ಲದೆ ಒಡೆಯನಿಲ್ಲ, ಶಿಷ್ಯನಿಲ್ಲದೆ ಗುರುವಿಲ್ಲ. "ನಿನ್ನ ಹೊಣೆ ಯಾರದು?" ಎಂದು ಕೇಳಿದಾಗ ಬರುವ ಉತ್ತರವೇ ಒಡೆಯ.

ರಕ್ತಕ್ಕಿಂತ ಹೆಸರು ದೊಡ್ಡದೆಂಬುದಕ್ಕೆ ಈ ವಂಶದ ಚರಿತ್ರೆಯೇ ನಿದರ್ಶನ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಾದ ತಿರುಮಲರಾಜನಿಂದ ಪಡೆದರು. ಆಗ ಒಡವೆಗಳಿಗಾಗಿ ಬಂದ ಭಟರಿಂದ ತಪ್ಪಿಸಿಕೊಂಡು ಅವನ ಪತ್ನಿ ಅಲಮೇಲಮ್ಮನು ಮಾಲಂಗಿಯ ಬಳಿ ಕಾವೇರಿಗೆ ಧುಮುಕಿದಳೆಂದೂ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರಿನ ಅರಸರಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳೆಂದೂ ಜನರು ಹೇಳುವರು. ಶಾಪವನ್ನು ನಂಬುವುದು ಬಿಡುವುದು ಅವರವರ ಇಷ್ಟ. ನಡೆದ ಸಂಗತಿಗಳಂತೂ ಇವು: ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು, ನಾಲ್ವಡಿ ಕೃಷ್ಣರಾಜ ಒಡೆಯರ ತರುವಾಯ 1940ರಲ್ಲಿ ತಮ್ಮನ ಮಗನು ಪಟ್ಟಕ್ಕೆ ಬಂದರು, 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡ ಮೇಲೆ 2015ರಲ್ಲಿ ಮತ್ತೆ ದತ್ತುಸ್ವೀಕಾರವಾಯಿತು. ರಕ್ತದ ಎಳೆ ಸರಿದ ಕಡೆಯಲ್ಲೆಲ್ಲಾ ಹೆಸರಿನ ಎಳೆಯೇ ವಂಶವನ್ನು ಹೊಲಿದಿದೆ.

ಬಿರುದಿನ ಜಗಳಕ್ಕೂ ಈ ಸೀಮೆ ಸಾಕ್ಷಿಯಾಗಿದೆ. ಹದಿನಾರನೆಯ ಶತಮಾನದಲ್ಲಿ ತಿಮ್ಮರಾಜ ಒಡೆಯರು ನಂಜುಂಡೇಶ್ವರನ ದರ್ಶನಕ್ಕೆಂದು ನಂಜನಗೂಡಿಗೆ ಹೋದಾಗ, ನೆರೆದಿದ್ದ ಪಾಳೆಯಗಾರರಿಗೂ ಅವರಿಗೂ ಬಿರುದಿನ ವಿಷಯದಲ್ಲಿ ಕಲಹವಾಯಿತೆಂದೂ, ಅದರಲ್ಲಿ ಗೆದ್ದು "ಬಿರುದೆಂತೆಂಬರ ಗಂಡ"ರೆನಿಸಿದರೆಂದೂ ಹೇಳುವರು. ನಮಗೆ ಇಂಥಿಂಥ ಬಿರುದುಗಳಿವೆ ಎಂದು ಹೇಳಿಕೊಳ್ಳುವವರನ್ನೆಲ್ಲಾ ಗೆದ್ದ ಗಂಡನೆಂದು ಅದರ ಅರ್ಥ. ಬಿರುದುಗಳನ್ನೇ ಹಾಸ್ಯಮಾಡುವಂಥ ಬಿರುದು ಇದಕ್ಕಿಂತ ಬೇರೆ ಬೇಕೆ?

ಗಂಡಭೇರುಂಡದ ವಿಷಯವಾಗಿ ಎರಡು ಮಾತು. ಎರಡು ತಲೆಯ ಈ ಹಕ್ಕಿಯನ್ನು ನಾವು ಮೈಸೂರು ಅರಮನೆಯ ಸ್ವತ್ತೆಂದು ತಿಳಿದಿದ್ದೇವೆ. ಆದರೆ ಶಿವಮೊಗ್ಗೆಯ ಸೀಮೆಯ ಬಳ್ಳಿಗಾವೆಯಲ್ಲಿ 1047ರಲ್ಲಿಯೇ ಚಾವುಂಡರಾಯರಸನು ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ್ದನು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಅದು ಆನೆಗಳನ್ನು ಹಿಡಿದು ಹಾರುತ್ತಿದೆ. ಕಡೆಗೆ ಅದು ಮೈಸೂರಿನ ಸಿಂಹಾಸನಕ್ಕೆ ಬಂದಿತು. ಈ ಅರಸರು ಒಬ್ಬರಿಗೊಬ್ಬರು ತಂದೆಮಕ್ಕಳಲ್ಲ. ಹಕ್ಕಿಯು ರಕ್ತವನ್ನು ಹಿಡಿದು ಬರಲಿಲ್ಲ, ನಾಡನ್ನು ಹಿಡಿದು ಬಂದಿತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ತನ್ನ ಮುದ್ರೆಯಲ್ಲಿ ಇಟ್ಟುಕೊಂಡಿತು. ಅರಸರ ಆಳ್ವಿಕೆಯು ಮುಗಿದ ಮೇಲೂ ಅದು ಹಾರಿಹೋಗಲಿಲ್ಲ. ಕರ್ನಾಟಕ ಸರಕಾರದ ಮುದ್ರೆಯಲ್ಲಿ ಕುಳಿತಿದೆ. ಫ್ರೆಂಚರು 1790ರಲ್ಲಿ ಲಾಂಛನಗಳನ್ನು ಅಳಿಸಿದರು. ನಾವು ಅರಸರ ಲಾಂಛನವನ್ನು ಪ್ರಜೆಗಳದನ್ನಾಗಿ ಮಾಡಿಕೊಂಡೆವು. ಆದುದರಿಂದ ನಮ್ಮ ವಿದ್ಯಾರ್ಥಿಯು ತನ್ನ ಮಿತ್ರನಿಗೆ, "ನಮ್ಮ ಲಾಂಛನ ಗಂಡಭೇರುಂಡ, ಅದು ನನ್ನೊಬ್ಬನ ಮನೆಯದಲ್ಲ, ನಾಡಿನದು" ಎಂದು ಧೈರ್ಯವಾಗಿ ಹೇಳಬಹುದು.

ಲಾಂಛನದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೆಸರಿನ ಪ್ರಶ್ನೆ ಉಳಿಯಿತು. ಇದಕ್ಕೆ ನಂಜನಗೂಡಿಗೆ ಸಮೀಪದ ಕಳಲೆಗೆ ಹೋಗೋಣ. ಮೈಸೂರಿಗೆ ತಲೆತಲಾಂತರವಾಗಿ ದಳವಾಯಿಗಳನ್ನು ಕೊಟ್ಟ ಮನೆತನವು ಅಲ್ಲಿಯದು. ಹೈದರನು ಪ್ರಬಲನಾಗುವುದಕ್ಕೆ ಮುಂಚೆ ರಾಜ್ಯವೆಲ್ಲವನ್ನೂ ಕೈಯಲ್ಲಿಟ್ಟುಕೊಂಡಿದ್ದ ನಂಜರಾಜಯ್ಯನನ್ನು ಸರ್ವಾಧಿಕಾರಿ, ಕರಾಚೂರಿ, ಕಳಲೆ ನಂಜರಾಜಯ್ಯನೆಂದು ಕರೆಯುತ್ತಿದ್ದರು. ಇದರಲ್ಲಿ ಸರ್ವಾಧಿಕಾರಿ ಎಂಬುದು ಉದ್ಯೋಗ. ಕರಾಚೂರಿ ಎಂಬುದು ಹಿಡಿದ ಆಯುಧದಿಂದ ಬಂದ ಬಿರುದು. ಕಳಲೆ ಎಂಬುದು ಊರು. ನಂಜರಾಜ ಎಂಬುದು ನಂಜುಂಡ ದೇವರಿಂದ ಬಂದ ಅಂಕಿತ. ಫ್ರೆಂಚರು ನಾಲ್ಕು ಮನೆಗಳಿಗೆ ಹಂಚಿಕೊಂಡಂಥ ಹೆಸರುಗಳನ್ನು ಕಳಲೆಯವನು ಒಬ್ಬನೇ ಹೊತ್ತುಕೊಂಡಿದ್ದನು. ಉದ್ಯೋಗವು ಹೋಯಿತು, ಆಯುಧವು ತುಕ್ಕು ಹಿಡಿಯಿತು. ಚರಿತ್ರೆಯಲ್ಲಿ ಇಂದು ಉಳಿದಿರುವುದು ಊರು ಮತ್ತು ದೇವರು: ಕಳಲೆಯ ನಂಜರಾಜ.

ಸಾಮಾನ್ಯರಿಗೂ ಉಳಿದದ್ದು ಇವೇ ಎರಡು. ಮೈಸೂರಿನ ಸೀಮೆಯಲ್ಲಿ ನಂಜಪ್ಪ, ನಂಜಮ್ಮ, ನಂಜುಂಡಯ್ಯ, ಶ್ರೀಕಂಠಯ್ಯ ಎಂಬ ಹೆಸರಿಲ್ಲದ ಬೀದಿಯನ್ನು ಹುಡುಕುವುದು ಕಷ್ಟ. ವಿಷವನ್ನುಂಡ ದೇವರು ಅಷ್ಟು ಮನೆಗಳಿಗೆ ಹೆಸರನ್ನು ಹಂಚಿದ್ದಾನೆ. ಅಷ್ಟೊಂದು ಮಂದಿ ನಂಜಪ್ಪಗಳಿರುವಾಗ ಯಾವ ನಂಜಪ್ಪ ಎಂಬ ಪ್ರಶ್ನೆ ಬರಲೇಬೇಕು. ನರಸೀಪುರಕ್ಕೆ ತಿರುಮಕೂಡಲು ಸೇರಿದ ಕಾರಣವೇ ಇಲ್ಲಿಯೂ ಕೆಲಸ ಮಾಡಿತು. ಹೆಸರಿನ ಮುಂದೆ ಊರು ಬಂದು ನಿಂತಿತು.

ಮೂವರನ್ನು ಹೆಸರಿಸುತ್ತೇವೆ. ತಿರುಮಕೂಡಲು ನರಸೀಪುರದ ತಾಲ್ಲೂಕಿನ ಸೋಸಲೆಯಿಂದ ಬಂದ ಆಸ್ಥಾನವಿದ್ವಾಂಸರು ಸೋಸಲೆ ಅಯ್ಯಾಶಾಸ್ತ್ರಿಗಳು. ಅವರು ರಚಿಸಿದ ಪ್ರಾರ್ಥನೆಯನ್ನು ತಲೆಮಾರುಗಳ ಕಾಲ ಶಾಲೆಯ ಮಕ್ಕಳು ಹಾಡಿದರು. ಅದೇ ಊರಿನ ಮತ್ತೊಬ್ಬ ವಿದ್ವಾಂಸರು ಗರಳಪುರೀ ಶಾಸ್ತ್ರಿಗಳು. ಗರಳಪುರಿಯೆಂಬುದು ನಂಜನಗೂಡಿನ ಸಂಸ್ಕೃತ ನಾಮ. ಸೋಸಲೆ ಗರಳಪುರೀ ಶಾಸ್ತ್ರಿಗಳೆಂದರೆ ಎರಡು ತಾಲ್ಲೂಕುಗಳನ್ನೂ ಒಂದೇ ಹೆಸರಿನಲ್ಲಿ ಹೊತ್ತಂತಾಯಿತು. ಎರಡನೆಯವರು ನಂಜನಗೂಡು ತಿರುಮಲಾಂಬನವರು. 1887ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿ, 1913ರಲ್ಲಿ "ಸತೀಹಿತೈಷಿಣೀ" ಗ್ರಂಥಮಾಲೆಯನ್ನು ಪ್ರಾರಂಭಿಸಿದ ಮಹಿಳೆ. ಸ್ತ್ರೀಯು ತಂದೆಯ ಹೆಸರಿನಿಂದ ಗಂಡನ ಹೆಸರಿಗೆ ಸಾಗುವಳೆಂಬುದು ಲೋಕರೂಢಿ. ಗಂಡನನ್ನು ಕಳೆದುಕೊಂಡ ಈ ಹುಡುಗಿಯನ್ನು ಊರು ಕೈಬಿಡಲಿಲ್ಲ; ತನ್ನ ಹೆಸರನ್ನೇ ಕೊಟ್ಟಿತು. ಆಕೆಯು ಅದಕ್ಕೆ ಪ್ರತಿಯಾಗಿ ಆ ಊರಿನ ಹೆಸರನ್ನು ಕನ್ನಡ ಸಾಹಿತ್ಯದ ಚರಿತ್ರೆಗೆ ಸೇರಿಸಿದರು. ಮೂರನೆಯವರು ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಜನಿಸಿದ ದೇವನೂರು ಮಹಾದೇವ ಅವರು. "ಕುಸುಮಬಾಲೆ"ಗಾಗಿ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದವರು.

ಒಬ್ಬರು ಆಸ್ಥಾನದ ಶಾಸ್ತ್ರಿಗಳು, ಒಬ್ಬರು ಬಾಲವಿಧವೆ, ಒಬ್ಬರು ದಲಿತರ ಕೇರಿಯ ಬಾಳನ್ನು ಬರೆದವರು. ಸಮಾಜವು ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುತ್ತಿರಲಿಲ್ಲ. ಆದರೆ ಹೆಸರಿನ ಕಟ್ಟು ಮೂವರದೂ ಒಂದೇ: ಊರು, ಆಮೇಲೆ ಹೆಸರು. ಇದರಲ್ಲಿ ಒಂದು ದೊಡ್ಡ ಮಾತಿದೆಯೆಂದು ನಮಗೆ ತೋರುತ್ತದೆ. ವಂಶಲಾ೦ಛನವು ಒಂದು ಮನೆಯನ್ನು ಪಕ್ಕದ ಮನೆಯಿಂದ ಬೇರ್ಪಡಿಸುವುದಕ್ಕಾಗಿ ಹುಟ್ಟಿದ್ದು. ಜಾತಿಸೂಚಕವಾದ ಅಡ್ಡಹೆಸರೂ ಅದೇ ಕೆಲಸವನ್ನು ಮಾಡುತ್ತದೆ. ಊರಿನ ಅಕ್ಷರವಾದರೋ ಅಗ್ರಹಾರಕ್ಕೂ ಕೇರಿಗೂ ಒಂದೇ. ಊರಿನ ಬಾವಿ ಎಲ್ಲರದೂ ಆಗಿರಲಿಲ್ಲ. ದೇವಾಲಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಶಾಲೆಯ ಮೆಟ್ಟಿಲನ್ನು ಹತ್ತಲಾರದವರಿಗೆ ಅಕ್ಷರವೇ ಇರಲಿಲ್ಲವೆಂಬುದನ್ನೂ ಮರೆಯಕೂಡದು. ಆದರೂ ಶಾಲೆಗೆ ಬಂದ ಮಕ್ಕಳಿಗೆಲ್ಲಾ ಯಾವ ಭೇದವೂ ಇಲ್ಲದೆ ಸಿಕ್ಕಿದ ಪಿತ್ರಾರ್ಜಿತವು ಆ ಒಂದು ಅಕ್ಷರ.

ಅದನ್ನೇ ನಾವು ಈಗ ಅರ್ಜಿಗಳ ಅಂಕಣಕ್ಕೆ ಹಿಡಿಸಲಿಲ್ಲವೆಂದು ಬಿಟ್ಟುಕೊಡುತ್ತಿದ್ದೇವೆ. ಅಂಕಣವನ್ನು ಮಾಡಿದವರಿಗೆ ನಮ್ಮ ಮೇಲೆ ದ್ವೇಷವೇನೂ ಇಲ್ಲ. ಅವರಿಗೆ ತಮ್ಮ ದೇಶದ ಹೆಸರಿನ ಕ್ರಮ ಮಾತ್ರ ತಿಳಿದಿದ್ದಿತು. ತಪ್ಪು ನಮ್ಮದು. ಕೇಳಿದವರಿಗೆ ವಿಚಾರಮಾಡಿ ಉತ್ತರ ಹೇಳಲಿಲ್ಲ. ತಲಕಾಡಿನಲ್ಲಿ ದೇವಾಲಯಗಳ ಮೇಲೆ ಮರಳು ಕವಿಯುವುದು ಒಂದು ದಿವಸದ ಕೆಲಸವಲ್ಲ. ಗಾಳಿಯು ಹಿಡಿಹಿಡಿಯಾಗಿ ತಂದು ಸುರಿಯುತ್ತದೆ. ನೋಡುತ್ತಿದ್ದಂತೆಯೇ ಗೋಪುರ ಮುಚ್ಚುತ್ತದೆ. ತಿರುಮಕೂಡಲು "ಟಿ" ಆದದ್ದೂ ಹಾಗೆಯೇ; ಆ ಹುಡುಗನ ಊರು ಮೊದಲು ಒಂದು ಅಕ್ಷರವಾಗಿ, ಆಮೇಲೆ ಅದೂ ಇಲ್ಲವಾದದ್ದೂ ಹಾಗೆಯೇ. ಪಂಚಲಿಂಗದರ್ಶನದ ಕಾಲ ಬಂದಾಗ ಜನರು ಮರಳನ್ನು ತೋಡಿ ತೆಗೆಯುತ್ತಾರೆ; ಒಳಗೆ ಕಲ್ಲು ಇದ್ದ ಹಾಗೆಯೇ ಇರುತ್ತದೆ. ಹೆಸರನ್ನೂ ತೋಡಿ ತೆಗೆಯಬಹುದು. ಆದರೆ ಎಲ್ಲಿ ತೋಡಬೇಕೆಂಬುದನ್ನು ಬಲ್ಲವರು ಮನೆಯಲ್ಲಿ ಬದುಕಿರುವಾಗ ಮಾತ್ರ.

ನಮ್ಮ ವಿದ್ಯಾರ್ಥಿಗೆ ಹೀಗೆ ಬರೆದೆವು: "ನಿನ್ನ ಮಿತ್ರನು ಕೇಳಿದ್ದಕ್ಕೆ ನಾಚಿಕೊಳ್ಳಬೇಡ. ಅವನಿಗೆ ಮನೆತನದ ಹೆಸರು ಇರುವಂತೆ ನಿನಗೆ ಊರಿನ ಹೆಸರು ಉಂಟು. ಅಂದು ನಾವು ಕೊಟ್ಟ ಸಲಹೆ ಸರಿಯಾಗಲಿಲ್ಲ. ಕಾಗದಗಳನ್ನು ಈಗ ತಿದ್ದುವುದು ಕಷ್ಟವಾದೀತು. ಆದರೆ ನೀನು ಮೊದಲ ಗ್ರಂಥವನ್ನೋ ಲೇಖನವನ್ನೋ ಬರೆದಾಗ ಹೆಸರಿನ ಮುಂದೆ ಊರನ್ನು ಪೂರ್ತಿಯಾಗಿ ಬರೆ. ಮಕ್ಕಳಾದಾಗ ಅವರಿಗೆ ಅದರ ಕೆರೆ ಯಾವುದು, ದೇವರು ಯಾವುದು ಎಂದು ಹೇಳು." ಉತ್ತರವಾಗಿ ಅವನು ಕಳುಹಿಸಿದ ಕಾಗದದ ಕೊನೆಯಲ್ಲಿ ರುಜುವಿನ ಮುಂದೆ ಊರಿನ ಹೆಸರು ಇಡಿಯಾಗಿ, ಕನ್ನಡದಲ್ಲಿ, ಇದ್ದಿತು.

ಶ್ರೋತೃಮಹಾಶಯರೇ, ತಮ್ಮ ಮನೆಗಳಲ್ಲಿಯೂ ಹಿರಿಯರ ಹೆಸರಿನ ಮುಂದೆ ಯಾವುದಾದರೊಂದು ಅಕ್ಷರ ಒಂಟಿಯಾಗಿ ನಿಂತಿರಬಹುದು. ಅದು ಯಾವ ಊರಿನದೆಂದು ಈ ಸಂಜೆಯೇ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ನಾವೂ ನಮ್ಮ ತಾಯಿಯವರನ್ನು ಕೇಳಿ ಬರೆದಿಟ್ಟುಕೊಂಡಿದ್ದೇವೆ.